ಒಂದು ಚಮಚ ಮೊಳಕೆ ಹಿಟ್ಟು: ಮಗುವಿನ ರಾಗಿ ಸರಿಯನ್ನು ತೆಳುವಾಗಿಸುವ ಬಗೆ

ತುಮಕೂರು ಸೀಮೆಯಲ್ಲಿ ಮಗುವಿಗೆ ಆರು ತಿಂಗಳು ತುಂಬಿತೆಂದರೆ ಒಲೆಗೇರುವುದು ರಾಗಿ ಸರಿ. ಕಳೆದ ಮಾಗಿಯಲ್ಲಿ ಗುಬ್ಬಿಯ ನಮ್ಮ ಮನೆಗೆ ಬಂದಿದ್ದ ತಂಗಿ ಏಳು ತಿಂಗಳ ಮಗನಿಗೆ ಸರಿ ಕಾಯಿಸಿದಳು. ಮೂರು ದೊಡ್ಡ ಚಮಚ ಹಿಟ್ಟು, ಒಂದು ಲೋಟ ನೀರು. ಆರುವಷ್ಟರಲ್ಲಿ ಚಮಚ ನೆಟ್ಟಗೆ ನಿಲ್ಲುವ ಹಾಗಾಯಿತು. “ಅಕ್ಕಾ, ಇದು ಇವನ ಗಂಟಲಲ್ಲಿ ಇಳಿಯಲ್ಲ. ಇನ್ನೊಂದು ಲೋಟ ನೀರು ಹುಯ್ಯಲಾ?” ಅಂದಳು.

ಬೇಡ ಅಂದೆ. ಕೂಸಿನ ಹೊಟ್ಟೆ ಅದರ ಮುಷ್ಟಿಯಷ್ಟೇ. ನೀರು ಹುಯ್ದರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದು ಅರ್ಧ. ಡಬ್ಬಿಯಿಂದ ಹುರಿಯದ ಮೊಳಕೆ ರಾಗಿ ಹಿಟ್ಟು ಒಂದು ಸಣ್ಣ ಚಮಚ ತೆಗೆದು ಕಲಕಿದೆ. ಐದೇ ನಿಮಿಷ, ಸರಿ ಸಡಿಲಗೊಂಡು ಚಮಚದ ಅಂಚಿನಿಂದ ಧಾರೆಯಾಗಿ ಇಳಿಯಿತು. ಹನಿ ನೀರು ಸೇರಿಸಿರಲಿಲ್ಲ.

ಇದು ಆಲ್ಫಾ ಅಮೈಲೇಸ್ ಎಂಬ ಕಿಣ್ವದ (ಎಂಜೈಮ್) ಕೆಲಸ. ರಾಗಿಯ ಪಿಷ್ಟ ಎಂದರೆ ಗ್ಲುಕೋಸ್ ಹರಳುಗಳನ್ನು ಪೋಣಿಸಿದ ಉದ್ದನೆಯ ಸರ. ಬೆಂದಾಗ ಈ ಸರಗಳು ನೀರು ಕುಡಿದು ಉಬ್ಬಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಹಾಗಾಗಿ ಗಟ್ಟಿ. ಹೂವಿನ ದಂಡೆಯನ್ನು ತುದಿಯಿಂದ ಒಂದೊಂದೇ ಬಿಡಿಸಿದರೆ ದಂಡೆ ಬಹಳ ಹೊತ್ತು ಉದ್ದವೇ ಇರುತ್ತದೆ. ನಡುನಡುವೆ ಕತ್ತರಿ ಆಡಿಸಿದರೆ ಕ್ಷಣದಲ್ಲಿ ತುಂಡು ತುಂಡು. ಆಲ್ಫಾ ಅಮೈಲೇಸ್ ಕತ್ತರಿಸುವುದು ನಡುವಿನಲ್ಲೇ. ಕಾಳಿಗೆ ನೀರು ಸೋಕಿದಾಗ ಒಳಗಿನ ಭ್ರೂಣ ಜಿಬ್ಬರೆಲಿನ್ ಎಂಬ ಹಾರ್ಮೋನು ಕಳಿಸಿ ಈ ಕಿಣ್ವವನ್ನು ಎಬ್ಬಿಸುತ್ತದೆ. ಕೂಡಿಟ್ಟ ಪಿಷ್ಟವನ್ನು ಒಡೆದು ಸಸಿಗೆ ಊಟ ಬಡಿಸಬೇಕಲ್ಲ! 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪರ್ಸೋ ಇದನ್ನು ಬೇರ್ಪಡಿಸಿದ್ದೂ ಮೊಳೆತ ಕಾಳಿನಿಂದಲೇ. ಅದು ಬಾರ್ಲಿ, ಅವರಿಟ್ಟ ಹೆಸರು ಡಯಾಸ್ಟೇಸ್.

ಈಗ ಹಿಟ್ಟು ಮಾಡುವ ಕ್ರಮ.

ಮೊದಲು ಒಂದು ಸೇರು ಒಳ್ಳೆಯ ರಾಗಿಯನ್ನು ಕಲ್ಲು ಹೋಗುವಂತೆ ಜಾಲಿಸಿ, ನೀರು ತಿಳಿಯಾಗುವ ತನಕ ತೊಳೆಯಿರಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿಯಿರಿ. ತೇಲಿದ ಜೊಳ್ಳು ತೆಗೆದುಬಿಡಿ.

ಆಮೇಲೆ ಕುದಿನೀರಲ್ಲಿ ಅದ್ದಿ ಹಿಂಡಿದ ಬಿಳಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ. ಬಿಗಿಯಾಗಿ ಬೇಡ, ಕಾಳಿಗೂ ಉಸಿರಾಡಬೇಕು. ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ. ಬೇಸಿಗೆಯಲ್ಲಿ ಎರಡು ದಿನ ಸಾಕು, ಮಾಗಿಯಲ್ಲಿ ಇನ್ನೊಂದು ದಿನ ಬೇಕಾಗಬಹುದು. ಬಿಳಿ ಮೊಳಕೆ ಚೆನ್ನಾಗಿ ಕಾಣಬೇಕು, ಹಸಿ ಹುಲ್ಲಿನ ವಾಸನೆ ಬರಬೇಕು. ಹುಳಿ ವಾಸನೆ ಬಂದರೆ, ಲೋಳೆ ಕಟ್ಟಿದರೆ, ಬೂದು ಇಲ್ಲವೇ ಕಪ್ಪು ಬೂಸ್ಟು ಕಂಡರೆ ಇಡೀ ಗಂಟನ್ನು ಎಸೆಯಿರಿ. ತೊಳೆದು ಬಳಸೋಣ ಅನ್ನುವ ಆಸೆ ಬೇಡ.

ಮೊಳೆತದ್ದನ್ನು ತೆಳುವಾಗಿ ಹರವಿ ಬಿಸಿಲಿನಲ್ಲಿ ಗಲಗಲ ಅನ್ನುವಂತೆ ಒಣಗಿಸಿ. ಅಂಗೈಯಲ್ಲಿ ಉಜ್ಜಿದರೆ ಮೊಳಕೆಯ ಬಾಲ ಉದುರುತ್ತದೆ. ಮೊರದಲ್ಲಿ ಕೇರಿ ಹಾರಿಸಿ.

ಹೆಚ್ಚಿನವರು ಕೈತಪ್ಪುವುದು ಇಲ್ಲೇ. ಘಮ ಬರಲೆಂದು ಎಲ್ಲವನ್ನೂ ಬಾಣಲೆಗೆ ಸುರಿದು ಕೆಂಪಗೆ ಹುರಿಯುತ್ತಾರೆ. ರುಚಿಗೆ ಅದು ಸರಿಯೇ, ಆದರೆ ಕಿಣ್ವ ಬಿಸಿಗೆ ಸತ್ತುಹೋಗುತ್ತದೆ. ಆದ್ದರಿಂದ ಪಾಲು ಮಾಡಿ: ಮುಕ್ಕಾಲು ಭಾಗ ಹುರಿದು ಮನೆಮಂದಿಯ ಮಾಲ್ಟ್‌ಗೆ, ಕಾಲು ಭಾಗ ಹುರಿಯದೆ. ಎರಡನ್ನೂ ಬೇರೆ ಬೇರೆ ಬೀಸಿಸಿ, ನುಣ್ಣಗೆ ಜರಡಿ ಹಿಡಿದು, ಬಿಗಿ ಮುಚ್ಚಳದ ಡಬ್ಬಿಗಳಲ್ಲಿಟ್ಟು ಹೆಸರು ಬರೆಯಿರಿ.

ಬಳಸುವಾಗ ಮಾಮೂಲಿ ಹಿಟ್ಟಿನ ಸರಿಯನ್ನು ಗಟ್ಟಿಯಾಗೇ ಬೇಯಿಸಿ ಇಳಿಸಿ. ಕುದಿಯುತ್ತಿರುವಾಗ ಮೊಳಕೆ ಹಿಟ್ಟು ಹಾಕಿದರೆ ವ್ಯರ್ಥ. ಕೈಯಾಡಿಸುತ್ತಾ ಸುಮಾರು 60 ಡಿಗ್ರಿಗೆ ಇಳಿಯಲು ಬಿಡಿ. ಪಾತ್ರೆಯ ಮೈ ಮುಟ್ಟಿದರೆ ಒಂದು ಕ್ಷಣ ತಡೆಯಬಹುದು ಅನ್ನುವಷ್ಟು ಬಿಸಿ. ಆಗ ಒಂದು ಸಣ್ಣ ಚಮಚ ಹಾಕಿ ಕಲಕಿ. ತೆಳುವಾದ ಮೇಲೆ ಮರೆಯದೆ ಮತ್ತೆ ಕೆಲವು ನಿಮಿಷ ಕುದಿಸಿ. ಎರಡು ದಿನ ಒದ್ದೆಯಲ್ಲಿದ್ದ ಕಾಳು ಅದು, ಸೂಕ್ಷ್ಮಜೀವಿ ಇದ್ದೇ ಇರುತ್ತವೆ. ಆರಿಸಿ ಆಗಿಂದಾಗಲೇ ತಿನ್ನಿಸಿ. ಆರು ತಿಂಗಳಿಗೆ ಮೊದಲು ಮಾತ್ರ ಎದೆಹಾಲು ಬಿಟ್ಟು ಏನೂ ಬೇಡ. ಎಳೆಗೂಸಿನ ಮೇದೋಜ್ಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಪಿಷ್ಟ ಒಡೆಯುವ ಈ ಕಿಣ್ವವನ್ನು ತೀರಾ ಕಡಿಮೆ ಒಸರುತ್ತದೆ.

ದೊಡ್ಡವರಲ್ಲಿ ಕಿಣ್ವ ಎಂಜಲಲ್ಲೂ ಇದೆ. ಆದರೆ ನಾವು ಮುದ್ದೆಯನ್ನು ಅಗಿಯುವವರಲ್ಲ, ನುಂಗುವವರು. ಎಂಜಲಿಗೆ ಅವಕಾಶವೇ ಸಿಗದೆ ಕೆಲಸವೆಲ್ಲ ಸಣ್ಣಕರುಳಿಗೆ ಬೀಳುವ ಮೇದೋಜ್ಜೀರಕದ ರಸದ ಪಾಲು. ಆ ಗ್ರಂಥಿ ದಿಢೀರನೆ ಉರಿಯೂತಕ್ಕೆ ಸಿಕ್ಕಿದರೆ ಕಿಣ್ವ ರಕ್ತಕ್ಕೆ ಸೋರುತ್ತದೆ; ತಡೆಯಲಾರದ ಹೊಟ್ಟೆನೋವೆಂದು ಹೋದವರಿಗೆ ವೈದ್ಯರು ಅಮೈಲೇಸ್ ಪರೀಕ್ಷೆ ಬರೆದುಕೊಡುವುದು ಇದಕ್ಕೇ. ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು: ಒಡೆದ ಪಿಷ್ಟ ಬೇಗ ಸಕ್ಕರೆಯಾಗುತ್ತದೆ, ಮಾಲ್ಟ್ ಕುಡಿಯುವಾಗ ಅಳತೆ ಇರಲಿ.

ಕಾರ್ಖಾನೆಗಳಿಗೆ ಬೇಕಾದ ಅಮೈಲೇಸನ್ನು ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಂದ ಬೆಳೆಸಿಕೊಳ್ಳುತ್ತಾರೆ. ಹತ್ತಿ ನೂಲಿಗೆ ಕೊಟ್ಟ ಗಂಜಿ ಬಿಡಿಸಲು, ಬಟ್ಟೆ ಸೋಪಿನ ಪುಡಿಗೆ, ಬ್ರೆಡ್ಡಿಗೆ, ಮುಸುಕಿನ ಜೋಳದ ಪಿಷ್ಟದಿಂದ ಸಿಹಿಪಾಕ ತೆಗೆಯಲು ಅದು ಬೇಕು. ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾದ ಕಿಣ್ವ 90 ಡಿಗ್ರಿಯಲ್ಲೂ ಕತ್ತರಿಸುತ್ತದೆ. ನಮ್ಮ ರಾಗಿಯದಕ್ಕೆ ಆ ಗಟ್ಟಿತನ ಇಲ್ಲ.

ಕಣ್ಣಾರೆ ನೋಡಬೇಕೆನ್ನುವ ಮಕ್ಕಳಿದ್ದರೆ ಅಕ್ಕಿ ಗಂಜಿಯ ತಿಳಿಯನ್ನು ಎರಡು ಲೋಟದಲ್ಲಿಡಿ. ಒಂದಕ್ಕೆ ಹುರಿಯದ ಹಿಟ್ಟು ಚಿಟಿಕೆ ಹಾಕಿ, ಬೆಚ್ಚಗಿಟ್ಟು, ಅರ್ಧ ಗಂಟೆ ಬಿಟ್ಟು ಎರಡಕ್ಕೂ ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಬಿಡಿ. ಬರೀ ತಿಳಿ ಕಡುನೀಲಿಗೆ ತಿರುಗುತ್ತದೆ, ಇನ್ನೊಂದರ ಬಣ್ಣ ಮಂಕಾಗುತ್ತದೆ. ನೋಡಿದ ಮೇಲೆ ಚೆಲ್ಲಿಬಿಡಿ.

ಈ ಹಿಟ್ಟಿನಲ್ಲಿ ಮುದ್ದೆ ತಿರುವಲು ಹೋಗಬೇಡಿ, ಕಟ್ಟುವುದಿಲ್ಲ. 2021ರ ನವೆಂಬರ್ ಮಳೆಯಲ್ಲಿ ನೆನೆದ ರಾಗಿ ತೆನೆಯಲ್ಲೇ ಮೊಳೆತದ್ದನ್ನು ಕಂಡವರಿಗೆ ಆ ಅಂಟು ಗೊತ್ತು. ಹಾಗೆ ಹೊಲದಲ್ಲಿ ಮೊಳೆತ ರಾಗಿ ಬಿತ್ತನೆಗೂ ಆಗದು. ಅದನ್ನು ಕೂಸಿನ ಸರಿಗಂತೂ ಮುಟ್ಟಬೇಡಿ. ಬೂಸ್ಟು ಎಲ್ಲಿ ಅಡಗಿದೆಯೋ ಕಣ್ಣಿಗೆ ಕಾಣುವುದಿಲ್ಲ.