ಬಿರುಗಾಳಿ ನಿಂತ ಮೇಲೆ ಮೊದಲ ನಕ್ಷೆ ಹೇಗೆ ಮಾಡುತ್ತೇನೆ

ಚಂಡಮಾರುತ ದಾಟಿಹೋದ ಮೇಲೆ ಹಾನಿಯ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ರಕ್ಷಣಾ ತಂಡದವರು ಮೊದಲು ಕೇಳುವುದು ಎಷ್ಟು ಮನೆ ಬಿದ್ದಿವೆ ಅಂತಲ್ಲ, ಗಾಡಿ ಎಲ್ಲಿವರೆಗೆ ಹೋಗುತ್ತೆ ಅಂತ. ಹಾಗಾಗಿ ನಾನು ರಸ್ತೆಯಿಂದ ಶುರು ಮಾಡುತ್ತೇನೆ. ಮನೆಗಳ ಸರದಿ ಆಮೇಲೆ.

ಅರ್ಧ ಕೆಲಸ ಗಾಳಿ ಬರುವ ಮುಂಚೆಯೇ ಮುಗಿದಿರಬೇಕು. ಮುನ್ಸೂಚನೆ ಬಂದ ಕೂಡಲೇ ಆ ಭಾಗದ ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಮಾಡುವ ಉಚಿತ ನಕ್ಷೆ) ಡೇಟಾ ಇಳಿಸಿ, ನಕ್ಷೆ ಮಾಡುವ ಸಾಫ್ಟ್‌ವೇರ್ ಆದ ಕ್ಯೂಜಿಐಎಸ್‌ನಲ್ಲಿ ಹಾಕಿಡುತ್ತೇನೆ. ರಸ್ತೆ, ಸೇತುವೆ, ಆಸ್ಪತ್ರೆ, ಶಾಲೆ ಇದ್ದರೆ ಸಾಕು. ಹಳೆಯ ಉಪಗ್ರಹ ಚಿತ್ರವೂ ಬೇಕೇ ಬೇಕು. ಇಲ್ಲದಿದ್ದರೆ ಮಾಡು (ಚಾವಣಿ) ಇಲ್ಲದ ಮನೆಯೊಂದು ಕಂಡಾಗ, ಮಾಡು ಹಾರಿಹೋಯಿತೋ ಅಥವಾ ಮನೆ ಇನ್ನೂ ಕಟ್ಟುತ್ತಿದ್ದರೋ, ಹೇಗೆ ಗೊತ್ತಾಗಬೇಕು? ಇದರ ಮೇಲೆ 1 ಕಿಲೋಮೀಟರ್ ಚೌಕಗಳನ್ನು ಎಳೆದು ನಂಬರ್ ಕೊಡುತ್ತೇನೆ. ವೈರ್‌ಲೆಸ್‌ನಲ್ಲಿ ಅಕ್ಷಾಂಶ ರೇಖಾಂಶ ಓದುವುದಕ್ಕಿಂತ "ಬಿ 7" ಅನ್ನುವುದು ಎಷ್ಟೋ ಸುಲಭ.

ಗಾಳಿ ನಿಂತರೂ ಮೋಡ ಸರಿದಿರುವುದಿಲ್ಲ. ಸೆಂಟಿನೆಲ್-2ರಂಥ ಉಪಗ್ರಹದ ಮಾಮೂಲಿ ಕ್ಯಾಮೆರಾ ಚಿತ್ರದಲ್ಲಿ ಬರೀ ಬಿಳಿ. ಆಗ ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರ (ತಾನೇ ರೇಡಿಯೊ ಅಲೆ ಕಳಿಸಿ, ವಾಪಸ್ ಬಂದದ್ದರಿಂದ ಮಾಡುವ ಚಿತ್ರ) ನೋಡುತ್ತೇನೆ. ಅದು ಮೋಡ ದಾಟಿ, ರಾತ್ರಿಯಲ್ಲೂ ನೋಡುತ್ತದೆ. ನಿಂತ ನೀರು ರಾಡಾರ್ ಅಲೆಯನ್ನು ಆಚೆಗೆ ಜಾರಿಸಿಬಿಡುವುದರಿಂದ ಕಪ್ಪಾಗಿ ಕಾಣುತ್ತದೆ. ಗಾಳಿಗೆ ಮುಂಚಿನ ಚಿತ್ರದ ಜೊತೆ ಹೋಲಿಸಿದರೆ ಮುಳುಗಿದ ಹೊಲ ತಕ್ಷಣ ಗೊತ್ತಾಗುತ್ತದೆ. ಊರೊಳಗೆ ಮಾತ್ರ ಇದನ್ನು ನಂಬಬೇಡಿ. ನೀರಿಗೆ ಬಡಿದ ಅಲೆ ಗೋಡೆಗೂ ಬಡಿದು ವಾಪಸ್ ಬರುತ್ತದೆ, ಮುಳುಗಿದ ಬೀದಿಯೇ ಬೆಳ್ಳಗೆ ಕಾಣಬಹುದು. ಅಡ್ಡ ಬಿದ್ದ ಮರವಂತೂ ಇದರಲ್ಲಿ ಕಾಣುವುದೇ ಇಲ್ಲ.

ಮರ, ಕಂಬ ಎಲ್ಲಿ ಬಿದ್ದಿವೆ ಅಂತ ತಿಳಿಯುವುದು ಜನರಿಂದಲೇ. ಅವರು ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಫೋಟೊ ಕಳಿಸಿದರೆ ಅದರೊಳಗಿನ ಲೊಕೇಶನ್ ಅಳಿಸಿಹೋಗಿರುತ್ತದೆ. "ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲಾಂದ್ರೆ ಲೊಕೇಶನ್ ಬೇರೆಯಾಗಿ ಹಾಕಿ" ಅಂತ ಮೊದಲೇ ಹೇಳಿರುತ್ತೇನೆ. ಡ್ರೋನ್ ಹಾರಿಸಬೇಕಾದರೆ ಕಾರ್ಯಾಚರಣೆ ನಡೆಸುವವರ ಒಪ್ಪಿಗೆ ಬೇಕು, ಹೆಲಿಕಾಪ್ಟರ್‌ಗೆ ಅಡ್ಡ ಬಂದರೆ ಸಹಾಯಕ್ಕಿಂತ ಅಪಾಯವೇ ಜಾಸ್ತಿ. ಹಾರಿಸಿದರೂ ರಸ್ತೆಯ ಗುಂಟವೇ ಹಾರಿಸುತ್ತೇವೆ. ಫೋಟೊಗಳನ್ನೆಲ್ಲ ಜೋಡಿಸಿ ಒಂದೇ ಚಿತ್ರ ಮಾಡಲು ಗಂಟೆಗಟ್ಟಲೆ ಬೇಕು. ಅಷ್ಟು ಕಾಯದೆ ಬಿಡಿ ಫೋಟೊಗಳನ್ನೇ ನೋಡಿ ಗುರುತು ಹಾಕಿಬಿಡುತ್ತೇನೆ.

ಮನೆಗಳ ಹಾನಿಗೆ ಮೂರೇ ದರ್ಜೆ ಸಾಕು: ಮಾಡು ಪೂರ್ತಿ ಹೋಗಿದೆ, ಸ್ವಲ್ಪ ಹೋಗಿದೆ, ಮೇಲಿನಿಂದ ಹೇಳಲಾಗದು. ಮೂರನೆಯದನ್ನು ಬಳಸಲು ಸಂಕೋಚ ಬೇಡ. ಸಮುದ್ರ ಉಕ್ಕಿ ಗೋಡೆ ಒಡೆದಿದ್ದರೂ ಮೇಲಿನಿಂದ ಮಾಡು ನೆಟ್ಟಗೇ ಕಾಣಬಹುದು. 2013ರ ಹೈಯಾನ್ ಚಂಡಮಾರುತದ ನಂತರ ಫಿಲಿಪ್ಪೀನ್ಸ್‌ನಲ್ಲಿ ಉಪಗ್ರಹ ಚಿತ್ರ ನೋಡಿ ಹಾಕಿದ ಗುರುತುಗಳನ್ನು ಸ್ಥಳಕ್ಕೆ ಹೋಗಿ ತಾಳೆ ನೋಡಿದಾಗ ಎಷ್ಟೋ ಕಟ್ಟಡಗಳ ವಿಷಯದಲ್ಲಿ ಹೊಂದಾಣಿಕೆಯೇ ಇರಲಿಲ್ಲ. ದರ್ಜೆ ಹೆಚ್ಚಿಸಿದಷ್ಟೂ ಊಹೆ ಹೆಚ್ಚುತ್ತದೆ, ಅಷ್ಟೇ.

ನಾನು ಯಾರ ಮಾತಿಗೂ ಬಗ್ಗದೆ ಹಟ ಹಿಡಿಯುವುದು ಒಂದೇ ವಿಷಯಕ್ಕೆ. ನೋಡದ ಚೌಕವನ್ನು ಖಾಲಿ ಬಿಡಬಾರದು. ಖಾಲಿ ಜಾಗ ಕಂಡವರು "ಇಲ್ಲೇನೂ ಆಗಿಲ್ಲ" ಅಂದುಕೊಂಡು ಮುಂದಕ್ಕೆ ಹೋಗುತ್ತಾರೆ. ಹೆಚ್ಚು ಪೆಟ್ಟು ತಿಂದ ಊರಿನಿಂದಲೇ ಫೋನು, ಫೋಟೊ ಯಾವುದೂ ಬರುವುದಿಲ್ಲ, ಅಲ್ವಾ? ಹಾಗಾಗಿ ನೋಡದ ಚೌಕಕ್ಕೆ ಓರೆ ಗೆರೆ, ನೋಡಿ ಹಾನಿ ಕಾಣದ ಚೌಕಕ್ಕೆ ಸಣ್ಣ ಸೊನ್ನೆ. ನಕ್ಷೆ ಕೊಳಕಾಗಿ ಕಾಣುತ್ತೆ ಅಂತ ಗೊಣಗುವವರಿದ್ದಾರೆ. ಕಾಣಲಿ ಬಿಡಿ.

ರಸ್ತೆಗಳ ಗುರುತು ಮುಗಿದ ತಕ್ಷಣ ಮೊದಲ ಪ್ರತಿ ಹೊರಡುತ್ತದೆ. ಎ3 ಹಾಳೆಯಲ್ಲಿ, ಕಪ್ಪು ಬಿಳುಪಿನಲ್ಲೂ ಅರ್ಥವಾಗುವ ಹಾಗೆ, ಏಕೆಂದರೆ ಕೊನೆಗೆ ಗಾಡಿಯೊಳಗೆ ಇರುವುದು ಜೆರಾಕ್ಸ್ ಪ್ರತಿಯೇ. ನೆಟ್‌ವರ್ಕ್ ಇಲ್ಲದೆಯೂ ತೆರೆಯಲಿ ಅಂತ ಫೋನಿಗೊಂದು ಪಿಡಿಎಫ್. ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯುವುದು ಮಾಹಿತಿ ಯಾವ ಹೊತ್ತಿನದು ಅಂತ, ಪ್ರಿಂಟ್ ಆದ ಹೊತ್ತಲ್ಲ. ಎರಡನೇ ಪ್ರತಿ ಕೊಡುವಾಗ ಮೊದಲನೆಯದನ್ನು ವಾಪಸ್ ಇಸಿದುಕೊಂಡು ಹರಿದುಹಾಕುತ್ತೇನೆ.