ವಾಪಸ್ ತೆಗೆದುಕೊಳ್ಳಲ್ಲ ಅಂದ ಬ್ಯಾಟರಿಯ ದುಡ್ಡು ಬಡ್ಡಿ ಸಮೇತ ಬಂದದ್ದು: ನನ್ನ ಅನುಭವ

ಅಂಗಡಿಯವರು ವಾಪಸ್ ತೆಗೆದುಕೊಳ್ಳೋದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದ ಇನ್ವರ್ಟರ್ ಬ್ಯಾಟರಿಯ ದುಡ್ಡನ್ನು ಜಿಲ್ಲಾ ಗ್ರಾಹಕರ ಆಯೋಗದ ಮೂಲಕ ಕೊನೆಗೂ ವಸೂಲಿ ಮಾಡಿದೆ. ವಕೀಲರನ್ನು ಇಟ್ಟಿರಲಿಲ್ಲ. ದೂರು, ಅಫಿಡವಿಟ್, ವಾದ ಎಲ್ಲಾ ನನ್ನದೇ, ಅದೂ ಕನ್ನಡದಲ್ಲಿ. ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಟೈಪ್ ಮಾಡಿಸೋಕೆ ಬರುವ ವಕೀಲರೊಬ್ಬರು, "ಹದಿನಾರು ಸಾವಿರದ ಮಾಲಿಗೆ ಯಾರ್ರೀ ಕೇಸ್ ಹಾಕ್ತಾರೆ? ಓಡಾಟಕ್ಕೇ ಅಷ್ಟು ಹೋಗುತ್ತೆ" ಅಂದಿದ್ದರು. ನಮ್ಮ ಭಾವನದೂ ಅದೇ ಮಾತು. ಈಗ ಇಬ್ಬರೂ ತಮ್ಮ ಪರಿಚಯದವರನ್ನು ನನ್ನ ಹತ್ತಿರವೇ ಕಳಿಸುತ್ತಾರೆ.

ಓದುವವರಲ್ಲಿ ಬಹಳ ಜನ ಒಂದೆರಡು ದೂರು ಹಾಕಿದವರೇ ಇರುತ್ತೀರಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡೋದು, ಆನ್‌ಲೈನ್‌ನಲ್ಲಿ ದೂರು ದಾಖಲಿಸೋದು ಹೇಗೆ ಅಂತ ಬರೆಯೋದಿಲ್ಲ. ಎಲ್ಲೆಲ್ಲಿ ಕೈಕೊಟ್ಟಿತು, ಎಲ್ಲಿ ಹಿಡಿತ ಸಿಕ್ಕಿತು, ಎಷ್ಟು ಕೈಬಿಟ್ಟಿತು ಅಷ್ಟನ್ನು ಹೇಳುತ್ತೇನೆ.

2022ರ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಅಂಗಡಿಯಲ್ಲಿ 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಟಾಲ್ ಟ್ಯೂಬುಲರ್ ಬ್ಯಾಟರಿ ತೆಗೆದುಕೊಂಡೆ. ನಮ್ಮೂರಿಗಿಂತ ಸಾವಿರದ ಐನೂರು ಕಡಿಮೆ ಇತ್ತು. ಬೆಲೆ ಹದಿನಾರೂವರೆ ಸಾವಿರ, ಹಳೇ ಬ್ಯಾಟರಿಗೆ ಎರಡೂವರೆ ಸಾವಿರ ಕಳೆದು ಕೈಯಿಂದ ಕೊಟ್ಟದ್ದು ಹದಿನಾಲ್ಕು. "ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ತೀನಿ ಸಾರ್" ಅಂದರು. ಆಗ ಬ್ಯಾಟರಿಗೆ ಜಿಎಸ್‌ಟಿ ಶೇ 28 ಇತ್ತಲ್ಲ, ಯಾರಿಗಾದರೂ ಆಸೆ ಆಗುತ್ತೆ. ನಾನು ಬಿಲ್ಲನ್ನೇ ಕೇಳಿದೆ. ಹಳೇ ಬ್ಯಾಟರಿಯ ಮೊತ್ತವನ್ನೂ ಬೇರೆ ಸಾಲಿನಲ್ಲಿ ಬರೆಸಿದೆ. ಆ ಒಂದು ಸಾಲಿನಿಂದ ಮುಂದೆ ನನಗೆ ಎರಡೂವರೆ ಸಾವಿರ ಜಾಸ್ತಿ ಬಂತು. ಬಿಲ್ಲಿನ ಕೆಳಗೆ ಎರಡು ಮಾತು ಅಚ್ಚಾಗಿತ್ತು: ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ, ಯಾವುದೇ ವ್ಯಾಜ್ಯ ಬೆಂಗಳೂರಿನ ವ್ಯಾಪ್ತಿಗೆ ಸೇರಿದ್ದು.

ಮೂರನೇ ತಿಂಗಳಿಗೇ ಬ್ಯಾಟರಿ ಸುಸ್ತಾಯಿತು. ಕಂಪ್ಯೂಟರ್, ಪ್ರಿಂಟರ್, ಎರಡು ಲೈಟು, ಒಂದು ಫ್ಯಾನು, ಎಲ್ಲಾ ಸೇರಿ 250 ವ್ಯಾಟ್ ಆಸುಪಾಸು. ಹಳೇದು ಹೊಸದಾಗಿದ್ದಾಗ ಇದೇ ಲೋಡಿಗೆ ನಾಲ್ಕು ಗಂಟೆ ಮೇಲೆ ಬರುತ್ತಿತ್ತು. ಇದು ಮುಕ್ಕಾಲು ಗಂಟೆಗೆ ಕೂಗಲು ಶುರು ಮಾಡುತ್ತಿತ್ತು.

ಅಂಗಡಿಗೆ ಫೋನ್ ಮಾಡಿದರೆ, "ಅದು ಕಂಪನಿ ಮ್ಯಾಟರ್ ಸಾರ್, ನಾವು ಮಾರೋರು ಅಷ್ಟೇ". ಕಂಪನಿಗೆ ಮಾಡಿದರೆ ತುಮಕೂರಿನಿಂದ ಸರ್ವಿಸ್ ಹುಡುಗ ಬಂದ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ಆರೂ ಸೆಲ್ ನೋಡಿದ, ಜಾಬ್ ಶೀಟ್ ಬರೆದ, ಕೆಳಗೆ "ಬ್ಯಾಟರಿ ಓಕೆ, ನೀರು ಸರಿಯಾಗಿ ಹಾಕಿ" ಅಂತ ಸೇರಿಸಿ ಕಾರ್ಬನ್ ಕಾಪಿ ಕೊಟ್ಟು ಹೋದ. ಅದನ್ನು ಜೋಪಾನವಾಗಿ ಎತ್ತಿಟ್ಟೆ. ಮತ್ತೆ ಅದರ ಮಾತಿಗೆ ಬರುತ್ತೇನೆ.

ಆಮೇಲೆ ತೆಂಗಿನಕಾಯಿ ಲೋಡ್ ಹೋಗುವ ಗಾಡಿಯಲ್ಲಿ ಬ್ಯಾಟರಿಯನ್ನೇ ಬೆಂಗಳೂರಿಗೆ ಸಾಗಿಸಿದೆ. ಐವತ್ತು ಕೆಜಿ ಮೇಲಿನ ಮಾಲು, ಹಮಾಲಿ ಸೇರಿ ಸಾವಿರದ ಐನೂರು ಹೋಯಿತು. ಅಂಗಡಿಯವರು ಕೆಳಗಿಳಿಸಲೂ ಬಿಡಲಿಲ್ಲ. ಬಿಲ್ಲಿನ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. 1915ಕ್ಕೆ ಹಾಕಿದ ದೂರಿಗೆ ಕಂಪನಿ "ನಮ್ಮ ತಂತ್ರಜ್ಞರು ಪರೀಕ್ಷಿಸಿದ್ದಾರೆ, ದೋಷವಿಲ್ಲ" ಅಂತ ಉತ್ತರ ಕೊಟ್ಟಿತು, ದೂರು ಮುಕ್ತಾಯವಾಯಿತು. ಸಣ್ಣ ವಿಷಯಕ್ಕೆ ಸಹಾಯವಾಣಿ ಚೆನ್ನಾಗಿಯೇ ಕೆಲಸ ಮಾಡುತ್ತೆ. ಎದುರಿನವರು ದೋಷವೇ ಇಲ್ಲ ಅಂದುಬಿಟ್ಟರೆ ಅಲ್ಲಿಗೆ ನಿಲ್ಲುತ್ತೆ, ಯಾಕೆಂದರೆ ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದೆ. ಅಂಗಡಿಗೆ ಹೋದದ್ದು "ನಿರಾಕರಿಸಿದ್ದಾರೆ" ಅಂತ ಷರಾ ಹೊತ್ತು ವಾಪಸ್ ಬಂತು. ಆ ಲಕೋಟೆಯನ್ನು ಒಡೆಯಬೇಡಿ. ಹಾಗೇ ಮುಚ್ಚಿದ್ದನ್ನು ಆಯೋಗದ ಮುಂದೆ ಇಟ್ಟರೆ ನೋಟಿಸ್ ಮುಟ್ಟಿದೆ ಅಂತಲೇ ಲೆಕ್ಕ. ಈಗ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ, ಷರಾದ ಬೆಲೆ ಅದೇ.

ಇಷ್ಟಾದ ಮೇಲೆ ನನ್ನ ದಾರಿ ಬದಲಿಸಿದೆ. ಬ್ಯಾಟರಿ ಕೆಟ್ಟಿದೆ ಅಂತ ಹೇಳೋದನ್ನು ಬಿಟ್ಟು, ಅಂಕಿಯಲ್ಲಿ ಬರೆದಿಡೋಕೆ ಶುರು ಮಾಡಿದೆ. ಇನ್ನೂರೋ ಮುನ್ನೂರೋ ಕೊಟ್ಟು ಒಂದು ಹೈಡ್ರೋಮೀಟರ್ ತಂದೆ. ಮಲ್ಟಿಮೀಟರ್ ಮನೆಯಲ್ಲಿತ್ತು. 100 ವ್ಯಾಟಿನ ಎರಡು ಬಲ್ಬು ಬಿಟ್ಟು ಬೇರೆ ಯಾವುದೂ ಲೋಡ್ ಇಲ್ಲ. ರಾತ್ರಿಯೆಲ್ಲಾ ಚಾರ್ಜ್ ಮಾಡಿ, ಬೆಳಿಗ್ಗೆ ಮೇನ್ ಆಫ್ ಮಾಡಿ, ಗೋಡೆ ಗಡಿಯಾರ, ಮೀಟರು, ಬ್ಯಾಟರಿಯ ಸೀರಿಯಲ್ ನಂಬರು ಮೂರೂ ಒಂದೇ ಚೌಕಟ್ಟಿನಲ್ಲಿ ಕಾಣುವ ಹಾಗೆ ಮೊಬೈಲ್ ಇಟ್ಟು ನಿಲ್ಲಿಸದೆ ವಿಡಿಯೋ ಮಾಡಿದೆ. ಶುರುವಿಗೆ ಹನ್ನೆರಡು ವೋಲ್ಟ್ ಮೇಲೆ ತೋರಿಸುತ್ತಿದ್ದದ್ದು ಒಂದು ಗಂಟೆ ಒಳಗೆ ಹತ್ತೂವರೆಗೆ ಇಳಿದು ಇನ್ವರ್ಟರ್ ಕಟ್ ಆಗುತ್ತಿತ್ತು. ತಿಂಗಳಿಗೊಮ್ಮೆ ಇದನ್ನೇ ಮಾಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ, ಪ್ರತಿ ಸಲ ಪಕ್ಕದ ಅಂಗಡಿಯವರಿಂದ ಸಹಿ ಹಾಕಿಸಿದೆ.

ನಡುವೆ ನಿಧಾನ ಚಾರ್ಜ್ ಕೊಟ್ಟರೆ ಸೆಲ್ ಚೇತರಿಸಿಕೊಳ್ಳುತ್ತಾ ಅಂತಲೂ ನೋಡಿದೆ. ಪರಿಚಯದ ಬ್ಯಾಟರಿ ಮೆಕ್ಯಾನಿಕ್ ಹತ್ತಿರ ಒಂದೆರಡು ದಿನ ಸಣ್ಣ ಕರೆಂಟಿನಲ್ಲಿ ಬಿಟ್ಟಿದ್ದೆ. ಐದು ಸೆಲ್ ಇನ್ನೂ ಮೇಲೆ ಬಂದವು, ಮೂರನೇದು ಜಗ್ಗಲಿಲ್ಲ. ಅವರಿಂದ ಅದನ್ನೇ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಂಡೆ. ಬ್ಯಾಟರಿ ಮೇಲೆ ಹೊಡೆದಿರುವ ತಯಾರಿಕೆಯ ಕೋಡನ್ನು ಅವರೇ ಓದಿ ಹೇಳಿದರು: ನಾನು ಕೊಳ್ಳುವ ಹೊತ್ತಿಗೆ ಅದಕ್ಕೆ ವರ್ಷದ ಮೇಲಾಗಿತ್ತು. ಗೋಡೌನಿನಲ್ಲಿ ಚಾರ್ಜ್ ಇಲ್ಲದೆ ಅಷ್ಟು ದಿನ ಕೂತರೆ ಪ್ಲೇಟಿಗೆ ಸಲ್ಫೇಟ್ ಕಟ್ಟದೆ ಇರುತ್ತಾ? ಕಂಪನಿಯ ತಪ್ಪು ಎಷ್ಟೋ ಇರಲಿ, ಹಳೇ ಸ್ಟಾಕನ್ನು ಹೊಸದೆಂದು ಕೊಟ್ಟ ಅಂಗಡಿಯನ್ನು ಬಿಡಬಾರದು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ.

ಅಂಗಡಿಯವರಿಂದಲೇ "ಆ ಲಾಟಿನ ಬ್ಯಾಟರಿ ಬೇರೆಯವರದ್ದೂ ಬಂದಿದೆ" ಅಂತ ವಾಟ್ಸಾಪಿನಲ್ಲಿ ಒಂದು ಸಾಲು ಬರೆಸಿಕೊಂಡೆ. ಅದು ಹೇಗೆ ಅನ್ನೋದನ್ನು ಇಲ್ಲಿ ಹೇಳಲ್ಲ. ಇನ್ನೂ ಒಂದೆರಡು ಕಡೆ ಬೇಕಾಗುತ್ತೆ. ಕೇಳಿದ ಪ್ರಶ್ನೆ ನೇರವಾಗಿತ್ತು, ಸುಳ್ಳು ಇರಲಿಲ್ಲ, ಅಷ್ಟು ಹೇಳಬಲ್ಲೆ. ವಾಟ್ಸಾಪು, ವಿಡಿಯೋ ಎರಡಕ್ಕೂ 65ಬಿ ಪ್ರಮಾಣಪತ್ರ, ಅಂದರೆ ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾಗಿದ್ದ ಪ್ರಮಾಣಪತ್ರ, ಸೇರಿಸಿದೆ. 2024ರ ಜುಲೈ 1ರಿಂದ ಅದು ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಆಗಿದೆ, ಹಳೇ ನಮೂನೆ ಟೈಪ್ ಮಾಡಿಸಬೇಡಿ.

ದೂರಿನಲ್ಲಿ ಅಂಗಡಿಯನ್ನು ಒಂದನೇ ಎದುರುದಾರ, ಕಂಪನಿಯನ್ನು ಎರಡನೇ ಎದುರುದಾರ ಮಾಡಿದೆ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ, ಇಲ್ಲಾ ಅಂಗಡಿಯನ್ನು ಕೈಬಿಡುತ್ತಾರೆ. ದುಡ್ಡು ಎಣಿಸಿಕೊಂಡವರು ಅಂಗಡಿಯವರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ರಲ್ಲಿ ಸ್ಪಷ್ಟವಾಗಿ ಬರೆದಿದೆ: ಕೆಟ್ಟ ಮಾಲನ್ನು ವಾಪಸ್ ಪಡೆಯದೆ, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ ಮೂವತ್ತು ದಿನದೊಳಗೆ ಹಣ ಹಿಂತಿರುಗಿಸದೆ ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. 1986ರ ಕಾಯ್ದೆಯಲ್ಲಿ ಈ ಸಾಲು ಇರಲಿಲ್ಲ. ಅಂಗಡಿಯವರು ನನಗೆ ತೋರಿಸಿದ ಬಿಲ್ಲಿನ ಆ ಅಚ್ಚು ಸಾಲನ್ನೇ ನಾನು ಅವರ ವಿರುದ್ಧದ ಮೊದಲ ದಾಖಲೆಯಾಗಿ ಹಾಕಿದೆ.

ಬೆಂಗಳೂರು ವ್ಯಾಪ್ತಿ ಅನ್ನೋ ಇನ್ನೊಂದು ಸಾಲಿಗೂ ಹೆದರಬೇಕಿಲ್ಲ. ದೂರುದಾರ ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು ಅಂತ ಅದೇ ಕಾಯ್ದೆಯ 34ನೇ ಕಲಂ ಹೇಳುತ್ತೆ. ನಾನು ತುಮಕೂರಿನಲ್ಲೇ ಹಾಕಿದೆ. ಐದು ಲಕ್ಷದವರೆಗೆ ಶುಲ್ಕ ಇಲ್ಲ. ಎರಡು ವರ್ಷದ ಕಾಲಮಿತಿ ಒಂದನ್ನು ನೆನಪಿಡಬೇಕು.

ನಿಜವಾಗಿ ತಲೆ ಕೆಡಿಸಿದ್ದು ಬೇರೆ ವಿಷಯ. ಬ್ಯಾಟರಿ ಇದ್ದದ್ದು ನನ್ನ ಜೆರಾಕ್ಸ್ ಅಂಗಡಿಯಲ್ಲಿ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರೇ ಅಲ್ಲ ಅಂತ ಕಂಪನಿಯ ವಕೀಲರು ತಕರಾರು ತೆಗೆದರು. ಇದು ಬರುತ್ತೆ ಅಂತ ಮೊದಲೇ ಗೊತ್ತಿದ್ದರಿಂದ ದೂರಿನ ಎರಡನೇ ಪ್ಯಾರಾದಲ್ಲೇ, ನಾನು ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ನಡೆಸುವ ಅಂಗಡಿ, ಕೆಲಸದವರು ಯಾರೂ ಇಲ್ಲ ಅಂತ ಬರೆದಿದ್ದೆ. 2(7)ರ ವಿವರಣೆಯಲ್ಲಿ ಅಂಥವರಿಗೆ ವಿನಾಯಿತಿ ಇದೆ. ಗೆಳೆಯರೊಬ್ಬರು, "ಕರೆಂಟ್ ಹೋದಾಗ ಕೈತಪ್ಪಿದ ವ್ಯಾಪಾರಕ್ಕೂ ಒಂದು ಐವತ್ತು ಸಾವಿರ ಕೇಳು" ಅಂದಿದ್ದರು. ನಾನು ಕೇಳಲಿಲ್ಲ. ವ್ಯಾಪಾರದ ನಷ್ಟ ಅಂತ ಬರೆದ ಕ್ಷಣವೇ ಎದುರಿನವರ ವಾದಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಟೈಲರಿಂಗ್, ಹಿಟ್ಟಿನ ಗಿರಣಿ, ದೋಸೆ ಹಿಟ್ಟಿನ ವ್ಯಾಪಾರ ಮಾಡುವವರು ಇದನ್ನು ದಯವಿಟ್ಟು ಗಮನದಲ್ಲಿಡಿ.

ಅಂಗಡಿಯವರು ಮೊದಲ ವಾಯ್ದೆಗಳಿಗೆ ಬರಲೇ ಇಲ್ಲ. ಆಮೇಲೆ ವಕೀಲರನ್ನು ಹಿಡಿದು ತಕರಾರು ಸಲ್ಲಿಸಲು ಬಂದಾಗ ಸಮಯ ಮೀರಿತ್ತು. ಮೂವತ್ತು ದಿನ, ಆಯೋಗ ಒಪ್ಪಿದರೆ ಇನ್ನು ಹದಿನೈದು, ಅದರ ಮೇಲೆ ಒಂದು ದಿನವೂ ಇಲ್ಲ ಅಂತ 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹಿಲ್ಲಿ ಕೋಲ್ಡ್ ಸ್ಟೋರೇಜ್ ಪ್ರಕರಣದಲ್ಲಿ ಹೇಳಿಯಾಗಿದೆ. ಆ ತೀರ್ಪಿನ ಪ್ರತಿ ನನ್ನ ಫೈಲಿನಲ್ಲಿ ರೆಡಿ ಇತ್ತು. ಅವರ ತಕರಾರು ದಾಖಲಾಗಲಿಲ್ಲ.

ಕಂಪನಿಯವರು ಲ್ಯಾಬ್ ಪರೀಕ್ಷೆ ಆಗಬೇಕು ಅಂದರು. ಅದಾದರೆ ತಿಂಗಳುಗಟ್ಟಲೆ ಎಳೆಯುತ್ತೆ, ಶುಲ್ಕವನ್ನೂ ದೂರುದಾರನೇ ಕಟ್ಟಬೇಕಾಗುತ್ತೆ. ಆಗ ಜಾಬ್ ಶೀಟ್ ತೆಗೆದೆ. ಕೆಳಗಿನ ಷರಾ ನೋಡಬೇಡಿ, ಮೇಲಿನ ಪೆಟ್ಟಿಗೆಯಲ್ಲಿ ಅವರದೇ ಹುಡುಗ ಬರೆದ ಗ್ರಾವಿಟಿ, ಅಂದರೆ ಆಸಿಡ್ಡಿನ ಸಾಂದ್ರತೆ, ನೋಡಿ ಅಂದೆ. ಐದು ಸೆಲ್‌ಗೆ 1230, 1240 ಹೀಗಿದೆ. ಮೂರನೇದಕ್ಕೆ 1140. ಕಾರ್ಬನ್ ಮಸುಕಾಗಿತ್ತು, ಆದರೆ ಆ ಅಂಕಿ ಓದಬಹುದಿತ್ತು. ಒಂದೇ ಬ್ಯಾಟರಿ, ಒಂದೇ ಚಾರ್ಜರು, ಒಂದೇ ನೀರು. ಐದು ಸರಿ ಇದ್ದು ಒಂದು ಬಿದ್ದಿದ್ದರೆ ನೀರು ಹಾಕದ್ದು ಹೇಗೆ ಕಾರಣ ಆಗುತ್ತೆ? ನನ್ನ ನೋಟ್‌ಬುಕ್ಕಿನಲ್ಲೂ ಮೂರನೇ ಸೆಲ್ಲೇ ಇತ್ತು, ಮೆಕ್ಯಾನಿಕ್ ಪತ್ರದಲ್ಲೂ ಅದೇ. ಕಂಪನಿಯ ವಕೀಲರು ಶೀಟನ್ನು ತಿರುಗಿಸಿ ಮುರುಗಿಸಿ ನೋಡಿ ಸುಮ್ಮನೆ ಕೂತರು. ಲ್ಯಾಬಿನ ಮಾತು ಅಲ್ಲಿಗೆ ಮುಗಿಯಿತು. ಇಪ್ಪತ್ತು ವರ್ಷ ವಕೀಲಿಕೆ ಮಾಡಿದವರ ಎದುರು ಜೆರಾಕ್ಸ್ ಅಂಗಡಿಯವನು ಗೆದ್ದ ಗಳಿಗೆ ಅದು, ಹೇಳಿಕೊಳ್ಳೋಕೆ ನನಗೇನೂ ಸಂಕೋಚ ಇಲ್ಲ.

ಆದೇಶ ಬರೋಕೆ ದೂರು ಹಾಕಿ ವರ್ಷದ ಮೇಲಾಯಿತು. ಪೂರ್ತಿ ಹದಿನಾರೂವರೆ ಸಾವಿರ, ಅದಕ್ಕೆ ಶೇ 8ರ ಬಡ್ಡಿ, ಮಾನಸಿಕ ಕಿರಿಕಿರಿಗೆ ಐದು ಸಾವಿರ, ಖರ್ಚಿಗೆ ಮೂರು ಸಾವಿರ. ಇಬ್ಬರೂ ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಕೊಡಬೇಕು ಅಂತ ಇತ್ತು. ಎಲ್ಲಾ ಸೇರಿ ಇಪ್ಪತ್ತಾರು ಸಾವಿರದ ಮೇಲೆ. ನನ್ನ ಖರ್ಚು ಗಾಡಿ ಬಾಡಿಗೆ, ಅಂಚೆ, ನೋಟರಿ, ಛಾಪಾ ಕಾಗದ, ತುಮಕೂರಿಗೆ ರೈಲು, ಊಟ ಎಲ್ಲಾ ಹಿಡಿದು ಐದು ಐದೂವರೆ ಸಾವಿರ ಇರಬೇಕು. ಜೆರಾಕ್ಸ್ ನನ್ನದೇ, ಹೊರಗೆ ಮಾಡಿಸಿದ್ದರೆ ಇನ್ನೊಂದು ಸಾವಿರ.

ಇದರ ನಡುವೆಯೇ ಸಣ್ಣಪುಟ್ಟ ಪ್ರಯೋಗಗಳನ್ನೂ ಮಾಡಿದೆ. ಅತ್ತಿಗೆಯ ಮಿಕ್ಸಿ ಜಾರ್ ಸೋರುತ್ತಿತ್ತು, ಒಂಬೈನೂರು ರೂಪಾಯಿಯ ಮಾಲು. ಅದಕ್ಕೆ 2(47)ರ ಸಾಲನ್ನು ಬರೆದು ಬರೀ ನೋಟಿಸ್ ಕಳಿಸಿದೆ. ವಾರ ಕಳೆಯುವಷ್ಟರಲ್ಲಿ ಅಂಗಡಿಯವರೇ ಕರೆದು ಹೊಸದು ಕೊಟ್ಟರು. ಪಕ್ಕದ ಬೀದಿ ಹುಡುಗನಿಗೆ ಆನ್‌ಲೈನ್‌ನಲ್ಲಿ ತರಿಸಿದ ಮೊಬೈಲ್ ಡಿಸ್‌ಪ್ಲೇ ಸರಿ ಇರಲಿಲ್ಲ. ಅಲ್ಲಿ ಚಾಟ್‌ನಲ್ಲಿ ಹೊತ್ತು ಕಳೆಯಬಾರದು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಕುಂದುಕೊರತೆ ಅಧಿಕಾರಿಯ ಹೆಸರು ಸೈಟಿನಲ್ಲಿ ಇರಲೇಬೇಕು, 48 ಗಂಟೆಯಲ್ಲಿ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ನೇರ ಅವರಿಗೇ ಬರೆಸಿದೆ, ದುಡ್ಡು ಖಾತೆಗೆ ಬಂತು.

ನನ್ನ ಬ್ಯಾಟರಿ ದುಡ್ಡು ಮಾತ್ರ ಆದೇಶದ ಮೇಲೂ ಸುಲಭಕ್ಕೆ ಬರಲಿಲ್ಲ. ಅಪೀಲು ಹೋಗ್ತೀವಿ ಅಂತ ಅಂಗಡಿಯವರು ಫೋನಿನಲ್ಲಿ ಹೇಳಿದರು. ಹೋಗಿ ಸಾರ್, ಅರ್ಧ ದುಡ್ಡು ಮೊದಲು ಕಟ್ಟಬೇಕು ಅಂದೆ. ನಲವತ್ತೈದು ದಿನದ ಗಡುವು ಕಳೆದರೂ ಅವರು ಹೋಗಲಿಲ್ಲ, ದುಡ್ಡನ್ನೂ ಕೊಡಲಿಲ್ಲ. ಆದೇಶ ಜಾರಿ ಮಾಡಿಸಿಕೊಡಿ ಅಂತ ಅಮಲ್ಜಾರಿ ಅರ್ಜಿ ಹಾಕಿದೆ. ಬರೀ ಕಾಯ್ದೆಯ 71ನೇ ಕಲಂ ಅಡಿ ಹಾಕಿದ್ದರೆ ಜಪ್ತಿಯ ದಾರಿ, ಅದು ನಿಧಾನ. 72ರ ಅಡಿಯಲ್ಲೂ ಇನ್ನೊಂದು ಅರ್ಜಿ ಕೊಟ್ಟೆ. ಅದರಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸಜೆ, ಇಲ್ಲವೇ ಇಪ್ಪತ್ತೈದು ಸಾವಿರಕ್ಕೆ ಕಡಿಮೆ ಇಲ್ಲದ ದಂಡ, ಇಲ್ಲವೇ ಎರಡೂ ಇದೆ. ನೋಟಿಸ್ ಜಾರಿಯಾಗಿ ಮುಂದಿನ ವಾಯ್ದೆ ಬರುವ ಮೊದಲೇ ಆಯೋಗಕ್ಕೆ ಡಿ.ಡಿ. ಬಂತು. ಬ್ಯಾಟರಿಯನ್ನು ಮಾತ್ರ ಅವರ ಗಾಡಿಯಲ್ಲೇ, ಅವರ ಖರ್ಚಿನಲ್ಲೇ ತೆಗೆದುಕೊಂಡು ಹೋಗಲಿ ಅಂತ ಬರೆದು ಕೊಟ್ಟೆ. ಹಾಗೇ ಬಂದು ಒಯ್ದರು.