ಮುತ್ತಜ್ಜನ ಗದ್ದುಗೆ ಹುಡುಕಿದ್ದು

ಗದಗ ಹತ್ತಿರ ನಮ್ಮ ಹೊಲದಲ್ಲಿ ಬೇವಿನ ಗಿಡದ ಕೆಳಗೆ ಒಂದು ಗದ್ದುಗೆ, ಅಂದರೆ ಸಮಾಧಿ ಇದೆ. ಮುತ್ತಜ್ಜನದು ಅಂತ ಪ್ರತಿ ಶೀಗಿ ಹುಣ್ಣಿಮೆಗೆ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲುವಾಗ ಅಲ್ಲೂ ಒಂದು ಕಾಯಿ ಒಡೆಯುತ್ತೇವೆ. ಅವನು ಸತ್ತದ್ದು ಯಾವಾಗ ಅಂದರೆ ಯಾರಿಗೂ ಗೊತ್ತಿಲ್ಲ. ‘ದೊಡ್ಡ ಜ್ವರದಾಗ, ಶೀಗಿ ಹುಣ್ಣಿಮಿ ಮುಂದ’ ಅಂತಾಳೆ ದೊಡ್ಡವ್ವ.

ಸುಳಿವು ಸಿಕ್ಕಿದ್ದು ಟ್ರಂಕಿನಲ್ಲಿದ್ದ ಹಳೇ ಕಿರ್ದಿ ಪುಸ್ತಕದಲ್ಲಿ. ಕೊನೇ ಪುಟದಲ್ಲಿ ಅವನ ಹೆಸರು, ಮುಂದೆ ‘ಕಾಳಯುಕ್ತಿ ಸಂ.’ ಅಂತಷ್ಟೇ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಹಾಗಾಗಿ 1858, ಇಲ್ಲಾ 1918, ಇಲ್ಲಾ 1978. ದೊಡ್ಡ ಜ್ವರ ಅಂದರೆ 1918ರ ಇನ್‌ಫ್ಲುಯೆಂಜಾ. ಆ ವರ್ಷ ಶೀಗಿ ಹುಣ್ಣಿಮೆ ಬಂದದ್ದು ಅಕ್ಟೋಬರ್ ಮೂರನೇ ವಾರ. ಇಷ್ಟು ಕೈಯಲ್ಲಿಲ್ಲದೆ ರೆಕಾರ್ಡ್ ರೂಮಿಗೆ ಹೋದರೆ ಸುಮ್ನೆ ಧೂಳು ಕುಡಿದು ಬರಬೇಕು.

ತಾಲ್ಲೂಕು ಕಚೇರಿಯಲ್ಲಿ ಊರಿನ ಹೆಸರು, ವರ್ಷ ಬರೆದು ಅರ್ಜಿ ಕೊಟ್ಟೆ. ಮೂರನೇ ಸಲ ಹೋದಾಗ ಮರಣ ರಜಿಸ್ಟರ್ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಇಡೀ ಊರಿಗೆ ಎರಡು ಸಾವು. ಅಕ್ಟೋಬರಿನಲ್ಲಿ ಒಂದೂವರೆ ಪುಟ. ಕಾರಣದ ಕಾಲಮಿನಲ್ಲಿ ಮೇಲಿಂದ ಕೆಳಗೆ ಜ್ವರ, ಜ್ವರ, ಜ್ವರ. ಬರೆದವನಿಗೂ ಸಾಕಾಗಿತ್ತೋ ಏನೋ, ಆಮೇಲೆ ಬರೀ ಗೀಟು ಎಳೆದಿದ್ದಾನೆ. ಅಡ್ಡಹೆಸರಿಲ್ಲ. ಒಂದೇ ಹೆಸರಿನವರು ಮೂವರು. ತಂದೆಯ ಹೆಸರು ನೋಡಿ ನಮ್ಮವನನ್ನು ಹಿಡಿದೆ. ವಯಸ್ಸು 35.

ಆದರೆ ಎಲ್ಲಿ ಮಣ್ಣು ಮಾಡಿದರು ಅಂತ ಅದರಲ್ಲಿಲ್ಲ. ಚರ್ಚಿನವರು ಸಮಾಧಿಗೂ ಬೇರೆ ರಜಿಸ್ಟರ್ ಇಡುತ್ತಾರೆ. ನಮ್ಮ ಲಿಂಗಾಯತರಲ್ಲಿ ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಕೊಡುವುದು ಜಾಸ್ತಿ, ಅದನ್ನು ಯಾರು ಬರೆದಿಡುತ್ತಾರೆ? ಹಾಗಾಗಿ ಹೊಲದ ಕಾಗದವನ್ನೇ ಹಿಡಿದೆ. ಸತ್ತವರ ಹೊಲ ವಾರಸುದಾರರ ಹೆಸರಿಗೆ ಆದದ್ದನ್ನು ಬರೆದಿಡುವ ವಾರಸಾ ಡೈರಿಯ ನಕಲು ತೆಗೆಸಿದೆ. ಮರಾಠಿಯವರ ಹಳೇ ಮೋಡಿ ಲಿಪಿಯ ಬರಹ, ಅಕ್ಷರಕ್ಕೆ ಅಕ್ಷರ ಅಂಟಿಕೊಂಡಿದೆ. ‘ಮಯತ’ ಅಂತ ಮತ್ತೆ ಮತ್ತೆ ಬರುತ್ತಿತ್ತು. ಯಾರೋ ಮಯತಪ್ಪ ಇರಬೇಕು ಅಂದುಕೊಂಡೆ. ಅಲ್ಲಿದ್ದ ಹಿರಿಯ ಗುಮಾಸ್ತರು ನಕ್ಕರು. ‘ಅದು ಹೆಸರಲ್ರೀ ಸರ, ಸತ್ತಾರಂತ.’

ಮುತ್ತಜ್ಜ ಮಯತನಾದಾಗ ಅವನ ಹೆಸರಲ್ಲಿದ್ದದ್ದು ಒಂದೇ ಸರ್ವೆ ನಂಬರು. ಅದು ಬೇವಿನ ಗಿಡದ ಹೊಲದ್ದಲ್ಲ! ಆ ಹೊಲ ನಮ್ಮಜ್ಜ ಕೊಂಡದ್ದು 1931ರಲ್ಲಿ ಅಂತ ಇನ್ನೊಂದು ಡೈರಿ ಹೇಳಿತು. ಅಂದರೆ ಇಷ್ಟು ವರ್ಷ ನಾವು ಕಾಯಿ ಒಡೆದದ್ದು ಹೊಲ ಮಾರಿದವರ ಹಿರಿಯರಿಗೆ.

ಮುತ್ತಜ್ಜನ ಹೊಲ ಯಾವಾಗಲೋ ಕೈಬಿಟ್ಟಿದೆ. ಈಗ ಅಲ್ಲಿ ಬೇರೆಯವರು ಮೆಣಸಿನಕಾಯಿ ಹಾಕಿದ್ದಾರೆ. ಹೋಗಿ ಕೇಳಿದೆ. ಅವರು ಬದುವಿನ ಹತ್ತಿರ ಒಂದಿಷ್ಟು ಕಲ್ಲು ತೋರಿಸಿದರು. ‘ಯಾರದೋ ಗೊತ್ತಿಲ್ರೀ. ಇದರ ಮ್ಯಾಲೆ ರಂಟಿ ಹಾಯಿಸಬ್ಯಾಡ ಅಂತಿದ್ದ ನಮ್ಮಪ್ಪ.’ ಅವನದೇ ಅಂತ ಯಾವ ಕಾಗದವೂ ಹೇಳುವುದಿಲ್ಲ. ನನಗೆ ಅಷ್ಟು ಸಾಕಾಯಿತು.

ಮನೆಗೆ ಬಂದು ಹೇಳಿದರೆ ದೊಡ್ಡವ್ವನಿಗೆ ಏನೂ ಅನ್ನಿಸಲೇ ಇಲ್ಲ. ‘ಇಷ್ಟ ವರ್ಷ ನಮ್ಮ ಕೈಯಾಗ ಉಂಡಾನ. ಈಗ ಹೋಗಿ ನೀ ಯಾರಪಾ ಅಂತ ಕೇಳಾಕ ಬರತೈತೇನು?’

ಈ ಸಲ ಎರಡು ಕಾಯಿ ಒಯ್ದೆ.